ವಾರಿಜಕ್ಕನ ಡಿಪಾಸಿಟ್

ಅಂಗಡಿ ಮುಚ್ಚಿದ್ದು ಒಂದೇ ದಿನದಲ್ಲಿ ಅಲ್ಲ.
ಮೊದಲು ಮಧ್ಯಾಹ್ನ ಮುಚ್ಚಿತು, ಊಟಕ್ಕೆ ಅಂತ.
ಆಮೇಲೆ ಸೋಮವಾರ.
ಆಮೇಲೆ ಇಡೀ ಮಳೆಗಾಲ.
ಬೀಗ ಹಾಕಿದ ಮೇಲೆ ಸಿಪ್ರಿಯನ್ ಪೊರ್ಬುಗಳು
ಎರಡೆರಡು ಸಲ ಜಗ್ಗಿ ನೋಡುತ್ತಿದ್ದರು,
ಕದಿಯಲಿಕ್ಕಾದರೂ ಯಾರಾದರೂ ಬಂದರೆ ಸಾಕಿತ್ತು
ಎನ್ನುವ ಹಾಗೆ.

ಹದಿನಾಲ್ಕು ವರ್ಷ ಆ ಕೌಂಟರಿನ ಹಿಂದೆ ಕೂತವಳು ನಾನು.
ಬಹ್ರೇನಿನಿಂದ ಪೊರ್ಬುಗಳು ತಂದ ವಿಸಿಆರು,
ಅರೆಯುವ ಕಲ್ಲಿನಷ್ಟು ಭಾರ,
ಬೆಡ್‌ಶೀಟು ಸುತ್ತಿ, ರಿಕ್ಷಾದಲ್ಲಿ ಕೂರಿಸಿ
ಮನೆ ಮನೆಗೆ ಕಳಿಸುತ್ತಿದ್ದೆವು, ಮದುಮಗಳನ್ನು ಕಳಿಸಿದ ಹಾಗೆ.
ಜೊತೆಗೊಬ್ಬ ಹುಡುಗ, ವಯರು ಜೋಡಿಸಲಿಕ್ಕೆ.
ರಾತ್ರಿಗೆ ಮೂರು ಸಿನಿಮಾ.
ಬೆಳಿಗ್ಗೆ ಕೆಂಪು ಕಣ್ಣಲ್ಲಿ ಹುಡುಗ ವಾಪಸು,
ಬಾಯಲ್ಲಿ ಯಾರದೋ ಮನೆಯ ನೀರುದೋಸೆ.

ಬಂದರಿನ ಗಾಳಿಗೆ ಟೇಪಿಗೆಲ್ಲ ಬಿಳಿ ಬೂಷ್ಟು.
ಆಟಿ ಅಮಾವಾಸ್ಯೆಗೆ ನಾವು ಹಾಲೆಮರದ ಕಷಾಯ ಕುಡಿದರೆ
ಅವಕ್ಕೆ ಹತ್ತಿ, ಸ್ಪಿರಿಟು.
ನಾನು ಒರೆಸುತ್ತಿದ್ದದ್ದು ಖಳನ ಮುಖವೋ
ನಾಯಕಿಯ ಕಣ್ಣೀರೋ, ಗೊತ್ತಾಗುತ್ತಿರಲಿಲ್ಲ;
ಎಲ್ಲ ಒಂದೇ ಕಂದು, ಒಂದೇ ನುಣುಪು.

ಡಿಪಾಸಿಟ್ ಇನ್ನೂರು. ಬಾಡಿಗೆ ಹತ್ತು.
ರಿವೈಂಡ್ ಮಾಡದೆ ತಂದರೆ ಎರಡು ರೂಪಾಯಿ ದಂಡ.
ಲೆಡ್ಜರಿನಲ್ಲಿ ಎಂಟುನೂರ ಹನ್ನೊಂದು ಮೆಂಬರು,
ಹೆಸರಿನ ಪಕ್ಕ ನನ್ನ ಕೈಬರಹದ ಗುರುತು:
ಐಸ್ ಫ್ಯಾಕ್ಟರಿ ಹಿಂದೆ.
ಗಂಡ ಮಸ್ಕತ್.
ಇವರಿಗೆ ಇನ್ನು ಕೊಡಬಾರದು.

ವಾರಿಜಕ್ಕನ ಹೆಸರು ಅದರಲ್ಲಿ ಇರಲಿಲ್ಲ.

ಬೆಂಗ್ರೆಗೆ ಹೋಗುವ ದೋಣಿಗೆ ಮೊದಲು
ಖಾಲಿ ಬುಟ್ಟಿ ಕಂಕುಳಿಗೆ ಒತ್ತಿ
ಗಾಜಿನ ಹೊರಗೆ ನಿಲ್ಲುತ್ತಿದ್ದಳು.
ವಾಪಸು ಬಂದ ಕ್ಯಾಸೆಟ್ಟು ಸರಿ ಇದೆಯಾ ಅಂತ
ನಾನು ಸಣ್ಣ ಟಿವಿಯಲ್ಲಿ ಹಾಕಿ ನೋಡುತ್ತಿದ್ದೆ,
ಒಂದೊಂದು ಹತ್ತು ನಿಮಿಷ.
ಅವಳು ನೋಡಿದ್ದು ಅಷ್ಟೇ. ಎಲ್ಲ ಸಿನಿಮಾದ್ದೂ
ಹತ್ತು ನಿಮಿಷ, ಸದ್ದಿಲ್ಲದೆ.
ಒಳಗೆ ಬಾ ಅಂದರೆ, ಬೇಡ ಬಾಲೆ, ಮೀನು ನಾತ.
ಒಂದು ಸಲ ಮಾತ್ರ ಬಾಗಿಲು ಸರಿಸಿ ಕೇಳಿದಳು:
ಆ ನೀಲಿ ಸೀರೆಯವಳು ಕಡೆಗೆ ಸತ್ತಳಾ?
ಇಲ್ಲ ಅಂದೆ.
ಸತ್ತಿದ್ದಳು.

ಕೇಬಲಿನವನು ಕಂಬ ಹತ್ತಿದ. ಸಿಡಿ ಬಂತು, ಫುಟ್‌ಪಾತಿಗೆ ಬಂತು.
ನಮ್ಮ ಮೆಂಬರುಗಳು ಎದುರು ಸಿಕ್ಕರೆ
ಆಚೆ ಬದಿ ದಾಟತೊಡಗಿದರು, ಸಾಲ ಇದ್ದವರ ಹಾಗೆ.
ಕೆಲವರದ್ದು ಇತ್ತು ಕೂಡ.

ಕೊನೆಗೆ ಗುಜರಿಯವ ಬಂದು ಶೆಲ್ಫಿನ ಉದ್ದಕ್ಕೂ ಕೈ ಆಡಿಸಿದ:
ಡಬ್ಬಿಗೆ ಕಿಲೋಗೆ ನಾಲ್ಕು ರೂಪಾಯಿ. ಟೇಪು ನೀವೇ ಕೀಳಬೇಕು.
ನೆಲದ ಮೇಲೆ ಕೂತು ಕೀಳುತ್ತಿದ್ದೆವು, ಪೊರ್ಬುಗಳೂ ನಾನೂ,
ಮಾತಿಲ್ಲ; ಬಿಲದಿಂದ ಹಾವು ಎಳೆದ ಹಾಗೆ
ಮುಗಿಯುವುದೇ ಇಲ್ಲ ಅದು.

ಬಾಗಿಲಲ್ಲಿ ವಾರಿಜಕ್ಕ. ತಲೆ ಪೂರ್ತಿ ನರೆತಿದೆ.
ಆ ಟೇಪು ನನಗೆ ಬೇಕು, ಅಂದಳು. ಕಾಗೆಗೆ.
ಸೆರಗಿನ ಗಂಟು ಬಿಚ್ಚಿ ನೂರರ ಎರಡು ನೋಟು,
ಒದ್ದೆ, ಉಪ್ಪುಪ್ಪು. ಪೊರ್ಬುಗಳು ಬೇಡವೇ ಬೇಡ ಅಂದರು.
ಡಿಪಾಸಿಟ್ ಅಲ್ಲವಾ, ಅಂದಳು ಅವಳು, ಇಟ್ಟುಕೊಳ್ಳಿ.
ನಾನು ಲೆಡ್ಜರು ತೆಗೆದೆ.
ಎಂಟುನೂರ ಹನ್ನೆರಡು. ವಾರಿಜ ಸಾಲ್ಯಾನ್, ಬೆಂಗ್ರೆ.

ಡಿಸೆಂಬರಿನಲ್ಲಿ ದೋಣಿ ಹತ್ತಿ ಹೋಗಿದ್ದೆ.
ಹೊಯಿಗೆಯ ಮೇಲೆ ಎಟ್ಟಿ, ಪಾಂಬೊಲು ಒಣಗುತ್ತಿವೆ,
ಮೇಲೆ ಕೋಲಿನಿಂದ ಕೋಲಿಗೆ ಬಿಗಿದ ಟೇಪು
ಗಾಳಿಗೆ ಗುಂಯ್ ಅನ್ನುತ್ತಿದೆ.
ಇದು ಯಾವುದು ಬಾಲೆ, ನೀಲಿ ಸೀರೆಯದ್ದಾ?
ಬೆರಳಿಟ್ಟು ನೋಡಿದೆ. ಬೆರಳು ನಡುಗಿತು, ಅಷ್ಟೇ.
ಇರಬಹುದು, ಅಂದೆ.

ಎಲ್ಲ ಕಾಗೆಗಳೂ ದೂರ.
ಒಂದು ಮಾತ್ರ ಹತ್ತಿರದ ಗೂಟದ ಮೇಲೆ ಕೂತು
ಕತ್ತು ಓರೆ ಮಾಡಿ ಹತ್ತು ನಿಮಿಷ ನೋಡಿತು.
ಆಮೇಲೆ ಇಳಿದು, ನಿಧಾನಕ್ಕೆ,
ಒಂದು ಎಟ್ಟಿ ಕಚ್ಚಿಕೊಂಡು ಹೋಯಿತು.